ಸೊಪ್ಪು ಹೊಡೆದುಹಾಕಿ ತರಕಾರಿ ಎಂದು ಬರೆದೆ

ಅಕ್ಕಾ,

ನೀವು ಹೇಳಿದ್ದೇ ಸರಿಯಾಗಿತ್ತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಮಾತಾಡಿದರೆ ನಿಮಗೆ ಆಗುತ್ತಿರಲಿಲ್ಲ. “ಅಗ್ಗ ಒಸ್ದಂಗೆ ಒಸೀತೀಯಲ್ಲವ್ವ, ವಿಸ್ಯಕ್ ಬಾ” ಅನ್ನುತ್ತಿದ್ದಿರಿ. ವಿಷಯ ಇಷ್ಟೇ. ಒಂದು ಪದದ ಬಗ್ಗೆ ನಾವಿಬ್ಬರೂ ರಾಮನಾಥಪುರದ ಬಸ್ ಸ್ಟ್ಯಾಂಡಿನಲ್ಲಿ ಜಗಳವಾಡಿದ್ದೆವು. ಗೆದ್ದವಳು ನಾನು, ಏಕೆಂದರೆ ಪೆನ್ನು ನನ್ನ ಕೈಯಲ್ಲಿತ್ತು. ನಾನು ಬರೆದ ಪದ ತಪ್ಪು ಎಂದು ನನಗೆ ಗೊತ್ತಾಗಲು ಹನ್ನೊಂದು ವರ್ಷ ಬೇಕಾಯಿತು. ಅಷ್ಟರಲ್ಲಿ ನೀವು…

ನಾನು ಮೊದಲ ಸಲ ನಿಮ್ಮ ಅಂಗನವಾಡಿಯ ಬಾಗಿಲಿಗೆ ಬಂದಾಗ ನೀವು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಿರಿ. ತೊಂಬತ್ತರ ದಶಕದ ನಡುಭಾಗ. ನನಗೆ ಮೂವತ್ತು ದಾಟಿತ್ತು. ಹೊಳೆನರಸೀಪುರದ ಮೇಷ್ಟರ ಮನೆಯ ಮಗಳು, ಹಾಸನದಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಅಲ್ಲೇ ಕಾಲೇಜಿನಲ್ಲಿ ಹೋಮ್ ಸೈನ್ಸ್ ಪಾಠ ಹೇಳುತ್ತಿದ್ದವಳು, ಆ ಕೆಲಸ ಬಿಟ್ಟು ಈ ಸರ್ವೆಗೆ ಸೇರಿದ್ದೆ. ನನ್ನ ಬ್ಯಾಗಿನಲ್ಲಿದ್ದ ಫಾರಂ ಪ್ರಪಂಚದ ಎಷ್ಟೋ ದೇಶಗಳಲ್ಲಿ ನಡೆಯುತ್ತಿದ್ದ ಒಂದೇ ಫಾರಂ. ಜನ ಏನು ತಿನ್ನುತ್ತಾರೆ, ಆ ಊಟ ಮೈಗೆ ಒಳ್ಳೆಯದೋ, ಅದನ್ನು ಬೆಳೆಯುವ ಭೂಮಿ ನಾಳೆಗೂ ಉಳಿಯುತ್ತದೋ, ಇಷ್ಟನ್ನು ಮನೆಮನೆಗೆ ಹೋಗಿ ಕೇಳುವುದು. ಹತ್ತು ಹನ್ನೆರಡು ವರ್ಷ ಬಿಟ್ಟು ಅದೇ ಊರುಗಳಲ್ಲಿ ಅದೇ ಪ್ರಶ್ನೆ ಮತ್ತೆ ಕೇಳುವುದು. ಆಗ ಪ್ರಪಂಚ ಮುಂದೆ ಹೋಗಿದೆಯೋ ಹಿಂದೆ ಬಿದ್ದಿದೆಯೋ ತಿಳಿಯುತ್ತದೆ. ಇದನ್ನೆಲ್ಲ ನಾನು ಬಾಯಿಪಾಠ ಒಪ್ಪಿಸಿದೆ. ನೀವು ಸೌಟು ಕೆಳಗಿಡದೆ ಕೇಳಿದಿರಿ:

“ಉಂಡೋರ್ನ ಮಾತ್ರ ಬರ್ಕಂತೀರೋ, ಉಣ್ದೆ ಇರೋರ್ನೂ ಬರ್ಕಂತೀರೋ?”

ನಾನು ಫಾರಂ ತಿರುವಿ ನೋಡಿದೆ. ಉಣ್ಣದೆ ಇರುವವರಿಗೂ ಒಂದು ಕಾಲಂ ಇತ್ತು. ತೋರಿಸಿದೆ. “ಅಂಗಾದ್ರೆ ಬನ್ನಿ ಮೇಡಮ್ನೋರೇ, ಕುಂತ್ಕಳಿ” ಅಂದಿರಿ. ಆ ಕಾಲಂ ಇರದಿದ್ದರೆ ನನ್ನನ್ನು ಹಾಗೇ ಬಸ್ ಹತ್ತಿಸುತ್ತಿದ್ದಿರೋ ಏನೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಿಂಗಮ್ಮಜ್ಜಿಯ ಜಗಲಿಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನನಗೆ ನಾಚಿಕೆ, ನಗು ಎರಡೂ ಬರುತ್ತವೆ. ಹಿಂದಿನ ವಾರ ಚನ್ನರಾಯಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ ಫಾರಂ ಪರೀಕ್ಷೆ ಮಾಡಿ ನೋಡಿದ್ದೆವು, ಎಲ್ಲ ಸಲೀಸಾಗಿತ್ತು. ಆ ಧೈರ್ಯದಲ್ಲಿ ಅಜ್ಜಿಯ ಮುಂದೆ ಕೂತು ಓದಿದೆ: “ನಿಮ್ಮ ಮನೆಯಲ್ಲಿ ಸೊಪ್ಪು ಬೆಳೆಯುತ್ತೀರಾ?”

“ಬೆಳೀದೆ ಇರ್ತೀವಾ? ಎಲ್ಡೆಕ್ರೆ ಆಕಿದೀವಿ.”

ಎರಡು ಎಕರೆ ಸೊಪ್ಪು! ಚನ್ನರಾಯಪಟ್ಟಣದಲ್ಲಿ ಹಿತ್ತಲ ಒಂದು ಮಡಿ ಸೊಪ್ಪಿಗೇ ನಾನು ಖುಷಿಪಟ್ಟಿದ್ದೆ. ಸಂತೋಷದಲ್ಲಿ ಬರೆದುಕೊಂಡೆ. “ನೀವು ದಿನಾ ತಿನ್ನುತ್ತೀರಾ ಅಜ್ಜಿ?”

“ದಿನಾನಾ? ಮೂರೊತ್ತೂ ಬೇಕು ನಂಗೆ. ಇಲ್ದಿದ್ರೆ ತಲೆನೋವು ಬತ್ತದೆ.”

“ಮಕ್ಕಳಿಗೂ ಕೊಡುತ್ತೀರಾ?”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅಯ್, ನಿನ್ ಮನೆ ಕಾಯ್ವೋಗ! ಮಕ್ಳಿಗೆ ಯಾರಾರಾ ಕೊಡ್ತಾರೇನೆ?”

ನಾನು ಗಂಭೀರವಾಗಿ ಪಕ್ಕದ ಖಾಲಿ ಜಾಗದಲ್ಲಿ ಬರೆದೆ: ಮಕ್ಕಳಿಗೆ ಸೊಪ್ಪು ಕೊಡಬಾರದು ಎಂಬ ಮೂಢನಂಬಿಕೆ ಈ ಭಾಗದಲ್ಲಿದೆ. ನೀವು ನನ್ನ ಹೆಗಲ ಮೇಲಿಂದ ಅದನ್ನು ಓದಿದಿರಿ. ಆಮೇಲೆ ಜಗಲಿಯ ಕಂಬ ಹಿಡಿದುಕೊಂಡು ನಗತೊಡಗಿದವರು ಕೆಳಗೇ ಕೂತುಬಿಟ್ಟಿರಿ. “ಒಗೆಸೊಪ್ಪು ಕಣವ್ವಾ! ಅಜ್ಜಿ ಅಗಿಯೋ ಒಗೆಸೊಪ್ಪು! ಈ ಸೀಮೇಲಿ ಸೊಪ್ಪು ಆಕಿದೀವಿ ಅಂದ್ರೆ ಅದೇಯ.” ಅಜ್ಜಿ ತಮ್ಮ ಕೆಂಪು ಬಾಯಿ ತೆರೆದು ತೋರಿಸಿದರು. ನಾನು ಬರೆದುಕೊಂಡಿದ್ದ ಎರಡು ಎಕರೆ ಸೊಪ್ಪು, ಹೊಗೆಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನಲ್ಲಿ ಬೆಂದು ಹರಾಜಿಗೆ ಹೋಗುವ ಸೊಪ್ಪು.

ಜಗಳವಾದದ್ದು ಅದೇ ಸಂಜೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ನಾನು ಬಹಳ ಜಾಣತನದ ಕೆಲಸ ಮಾಡುತ್ತಿದ್ದೇನೆಂಬ ನಂಬಿಕೆಯಲ್ಲಿ, ಫಾರಂನಲ್ಲಿದ್ದ ‘ಸೊಪ್ಪು’ ಎಂಬ ಪದಕ್ಕೆಲ್ಲ ಗೆರೆ ಹೊಡೆದು ಮೇಲೆ ‘ತರಕಾರಿ’ ಎಂದು ಬರೆದೆ. ಇನ್ನು ಯಾರೂ ಹೊಗೆಸೊಪ್ಪಿನ ಲೆಕ್ಕ ಕೊಡುವಂತಿಲ್ಲ! ನೀವು ಲೋಟ ಕೆಳಗಿಟ್ಟು ನೋಡಿದಿರಿ.

“ತರಕಾರಿ ಅಂದ್ರೆ ಸಂತೇದು ಕಣವ್ವ. ಕಾಸು ಕೊಟ್ಟು ಚೀಲದಾಗೆ ತರೋದು. ಒಲದಲ್ಲಿ ಕಿತ್ಕಂಬರೋದ್ನ ಯಾರು ತರಕಾರಿ ಅಂತಾರೆ?”

“ಅಕ್ಕ, ಸೊಪ್ಪೂ ತರಕಾರಿನೇ. ಅದರಲ್ಲೇ ಸೇರುತ್ತೆ.”

“ನಿನ್ ಕಾಗ್ದದಲ್ಲಿ ಸೇರ್ತದೆ. ಅವ್ರ ಬಾಯಲ್ಲಿ ಸೇರಕಿಲ್ಲ.”

ನನಗೆ ನಮ್ಮ ಶಾಲೆಯ ಗೋಡೆಯ ಮೇಲಿದ್ದ ಪಟ ಕಣ್ಣಿಗೆ ಕಟ್ಟಿದಂತಿತ್ತು. ವೆಜಿಟೆಬಲ್ಸ್ ಎಂಬ ದೊಡ್ಡ ಅಕ್ಷರದ ಕೆಳಗೆ ಕ್ಯಾರೆಟ್ಟು, ಕೋಸು, ಬೀನ್ಸು, ಒಂದು ಕಟ್ಟು ಪಾಲಕ್. ಇಂಗ್ಲಿಷಿನಲ್ಲಿ ಅವೆಲ್ಲ ಒಂದೇ ಮನೆಯವು. ಆ ಮನೆಯನ್ನೇ ಎತ್ತಿ ನಿಮ್ಮೂರಿನಲ್ಲಿ ಇಟ್ಟರೆ ಆಯಿತೆಂದುಕೊಂಡೆ. ಅಷ್ಟು ಓದಿದವಳಿಗೆ, ಹುಟ್ಟಿದ ಊರು ಪಕ್ಕದ ತಾಲ್ಲೂಕಿನಲ್ಲೇ ಇದ್ದವಳಿಗೆ, ನೆರೆಯ ಸೀಮೆಯ ಬಾಯಲ್ಲಿ ಒಂದು ಪದ ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆಂದು ಕೇಳಿಸಿಕೊಳ್ಳುವ ವ್ಯವಧಾನ ಯಾಕೆ ಇರಲಿಲ್ಲ? “ಫಾರಂ ನಾನು ನೋಡ್ಕೋತೀನಿ ಅಕ್ಕ, ನೀವು ಮನೆ ತೋರಿಸಿ ಸಾಕು” ಅಂದೆ. ಅಂದದ್ದು ಹೀಗೆಯೇ. ಮಾತು ತಿದ್ದಿ ಬರೆಯಬಹುದಿತ್ತು, ತಿದ್ದುವುದಿಲ್ಲ. ನೀವು ಕಾಫಿ ಮುಗಿಸಿ ಸೆರಗು ಕೊಡವಿಕೊಂಡು ಎದ್ದಿರಿ. ಮರುದಿನ ಬೆಳಿಗ್ಗೆ ನನ್ನ ಬಸ್ ಬರುವ ಮೊದಲೇ ಬಂದು ಸ್ಟಾಪಿನಲ್ಲಿ ನಿಂತಿದ್ದಿರಿ.

ನಿಮ್ಮೂರಿನಲ್ಲಿ ಸರ್ವೆ ನಡೆದ ಆ ಎಂಟು ದಿನ ಪ್ರತಿ ಮನೆಯಲ್ಲೂ ನೀವು ಮೊದಲು ನಿಮ್ಮ ಮಾತು ಆಡುತ್ತಿದ್ದಿರಿ: “ನೆನ್ನೆ ಎಸ್ರೇನ್ ಮಾಡಿದ್ದೆ?” ಎಸರು ಎಂದರೆ ನಮ್ಮ ಕಡೆಯ ಸಾರು. “ಬೆರಕೆಸೊಪ್ಪು ಕಣಕ್ಕ”, “ಅಣ್ಣೆಸೊಪ್ಪು ಬಸ್ದಿದ್ದೆ”, “ಗಣಿಕೆ ಸಿಕ್ತು, ಅವರೆಕಾಳ್ ಜೊತೆ ಆಕ್ದೆ” ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಅದು ನಿಮ್ಮ ಕುಶಲ ಪ್ರಶ್ನೆ ಎಂದುಕೊಂಡು ನಾನು ಪೆನ್ನಿನ ಮುಚ್ಚಳ ತೆಗೆಯುತ್ತಲೇ ಇರಲಿಲ್ಲ. ಮಾತು ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು ಓದುತ್ತಿದ್ದೆ: “ನಿನ್ನೆ ಯಾವುದಾದರೂ ತರಕಾರಿ ತಿಂದಿರಾ?” “ಎಲ್ ತರನ ಮೇಡಂ? ಇಲ್ಲ.” ಇಲ್ಲ ಎಂಬ ಚೌಕದಲ್ಲಿ ಒಂದು ಗೆರೆ. ಮುಂದಿನ ಮನೆ. ಇನ್ನೊಂದು ಗೆರೆ.

ನಿಮ್ಮ ಮನೆಯಲ್ಲೇ ಉಂಡ ದಿನವನ್ನು ನೆನೆದರೆ ಮಾತ್ರ ನಗು ಬರುವುದಿಲ್ಲ. ರಾಗಿ ಹೊಲದ ಬದುವಿನ ಮೇಲೆ ನೀವು ಮುಂದೆ, ನಾನು ಹಿಂದೆ. ನಡೆಯುತ್ತ ನಡೆಯುತ್ತಲೇ ನಿಮ್ಮ ಕೈ ಬಗ್ಗಿ ಏಳುತ್ತಿತ್ತು. ಅಣ್ಣೆ, ಕನ್ನೆ, ದಗ್ಗಲರಿವೆ, ಹೊನಗೊನ್ನೆ, ಇನ್ನೂ ನನಗೆ ಹೆಸರು ಮರೆತ ನಾಲ್ಕಾರು. ಕಾಲು ಮೈಲಿ ಮುಗಿಯುವಷ್ಟರಲ್ಲಿ ಮಡಿಲು ತುಂಬಿತು. ಅಷ್ಟನ್ನೂ ಬೇಯಿಸಿ, ಬೆಳ್ಳುಳ್ಳಿ ಕುಟ್ಟಿ ಹಾಕಿ, ಬಿಸಿ ಮುದ್ದೆಯ ಜೊತೆ ಬಡಿಸಿದಿರಿ. ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆದು ಬಂದು ನಿಮ್ಮ ಮನೆಯ ಫಾರಂ ತೆಗೆದೆ. ತರಕಾರಿ ತಿಂದಿರಾ? “ಇಲ್ಲ ಅಂತ ಬರ್ಕಳವ್ವ” ಅಂದಿರಿ, ನನ್ನ ಮುಖವನ್ನೇ ನೋಡುತ್ತ. ನಾನು ಇಲ್ಲ ಅಂತ ಬರೆದುಕೊಂಡೆ. ಬಾಯಲ್ಲಿ ಇನ್ನೂ ಬೆಳ್ಳುಳ್ಳಿಯ ಘಮ ಇತ್ತು ಅಕ್ಕ. ಅದೊಂದು ಪರೀಕ್ಷೆಯಾಗಿತ್ತು ಅಲ್ಲವೇ? ನನಗೆ ಕೊನೆಯ ಅವಕಾಶ ಕೊಟ್ಟು ನೋಡುತ್ತಿದ್ದಿರಿ. ನಾನು…

ನಾನು ತಿದ್ದಿದ ಫಾರಮ್ಮೇ ಜಿಲ್ಲೆಗೆಲ್ಲ ಹೋಗಿತ್ತು. ಮುಂದಿನ ವರ್ಷ ವರದಿ ಬಂತು. ನಿಮ್ಮ ಅರಕಲಗೂಡು, ಚನ್ನರಾಯಪಟ್ಟಣ ಎರಡೂ ಕಡೆಯ ಹಳ್ಳಿಗಳ ಹೆಂಗಸರು ತರಕಾರಿ ತಿನ್ನುವುದು ಅತಿ ಕಡಿಮೆ ಎಂದು ಅದರಲ್ಲಿತ್ತು. ಅದರ ಮೇಲೆ ಒಂದು ಯೋಜನೆ ಹುಟ್ಟಿ, ಅಂಗನವಾಡಿಗಳಿಗೆ ಬಣ್ಣದ ಪಟಗಳು ಬಂದವು. ನೀವು ತಿಂಗಳಿಗೊಮ್ಮೆ ಹೆಂಗಸರನ್ನು ಕೂಡಿಸಿ ಅವನ್ನು ಎತ್ತಿ ತೋರಿಸಬೇಕಿತ್ತು. ಹಾಸನದಲ್ಲಿ ತರಬೇತಿಗೆ ಬಂದಾಗ ಹೇಳಿದಿರಲ್ಲ, “ಕೋಸಿನ ಪಟ ಇಡ್ಕಂಡು ನಿಂತ್ಕತೀನಿ ಕಣವ್ವ, ಎಲೆಕ್ಷನ್ಗೆ ನಿಂತಂಗೆ. ನಿಂಗಮ್ಮಜ್ಜಿ ಕೇಳ್ತಾಳೆ, ನಿನ್ ಗುರ್ತು ಇದೇನೇ ಚಿಕ್ಕತಾಯಿ, ಎಲ್ಲಿಗೆ ಒತ್ಬೇಕು ಅಂತ.” ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ನಿಮ್ಮ ನಗೆಯೊಳಗೆ ನನಗೊಂದು ಮಾತು ಇತ್ತೆಂದು ಆಗಲೂ ತಿಳಿಯಲಿಲ್ಲ.

ನಿಮ್ಮ ಸುದ್ದಿ ನನಗೆ ತಲುಪಿದ್ದು ಹನ್ನೊಂದನೆಯ ದಿನದ ಕಾರ್ಯವೂ ಮುಗಿದ ಮೇಲೆ. ಅಷ್ಟರಲ್ಲಿ ನಾನು ಹಾಸನದ ಕಚೇರಿಯಲ್ಲಿ ಕೂತು ಬೇರೆಯವರು ತಂದ ಫಾರಂಗಳನ್ನು ನೋಡುವವಳಾಗಿದ್ದೆ. ಹಳ್ಳಿಗೆ ಬರುವುದು ನಿಂತಿತ್ತು. ನಿಮ್ಮ ಜ್ವರ ಏನೆಂದು ಗೊತ್ತಾಗುವುದರೊಳಗೆ ಮುಗಿಯಿತಂತೆ. ಬಂದು ನಿಮ್ಮ ಸೊಸೆ ಮಂಜುಳನ ಮುಂದೆ ಕೂತೆ. ಏನು ಮಾತಾಡಿದೆನೋ ನೆನಪಿಲ್ಲ. ಅವಳು ಮಾತ್ರ, “ನಮ್ಮತ್ತೆ ನಿಮ್ಮನ್ನ ಬಾಳ ಬೈತಿದ್ರು ಮೇಡಂ, ಬೈಯೋದು ಅಂದ್ರೆ ಅವ್ರಿಗೆ ಬೇಕಾದೋರ್ನ ಮಾತ್ರ” ಅಂದಳು.

ಎರಡನೆಯ ಸುತ್ತಿನ ಫಾರಂಗಳು ಕಳೆದ ವರ್ಷ ಬಂದವು. ಅದೇ ಊರುಗಳು, ಅದೇ ಪ್ರಶ್ನೆಗಳು, ಹೊಸ ಹುಡುಗಿಯರು ತುಂಬಿದ್ದು. ತರಕಾರಿ ಎಂಬ ಸಾಲಿನಲ್ಲಿ ಎಲ್ಲೆಲ್ಲೂ ಹೌದು, ಹೌದು, ಹೌದು. ಕಂಪ್ಯೂಟರಿನಲ್ಲಿ ಎರಡೂ ಸುತ್ತನ್ನು ಜೋಡಿಸಿದಾಗ ಗೆರೆಯೊಂದು ನೆಲದಿಂದ ಎದ್ದು ಮೇಲಕ್ಕೆ ಹೋಯಿತು. ನಮ್ಮ ನಿರ್ದೇಶಕರು ಎಲ್ಲರಿಗೂ ಮೈಸೂರುಪಾಕು ತರಿಸಿದರು. ದೆಹಲಿಯಲ್ಲಿ ಬೇರೆ ಬೇರೆ ದೇಶದವರು ಸೇರುವ ಸಭೆಯಿತ್ತು. ಅಲ್ಲಿ ನಮ್ಮ ಜಿಲ್ಲೆಯನ್ನು ಮಾದರಿಯೆಂದು ತೋರಿಸಬೇಕು, ತೋರಿಸುವವಳು ನಾನೇ ಆಗಬೇಕು ಎಂದು ತೀರ್ಮಾನವಾಯಿತು. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ? ಮೊದಲ ಗೆರೆ ಎಳೆದವಳು ನಾನಲ್ಲವೇ? ಜೀವಮಾನದಲ್ಲಿ ಒಂದು ಕೆಲಸವಾದರೂ ಫಲ ಕೊಟ್ಟಿತಲ್ಲ ಅನ್ನಿಸಿತು.

ಸಭೆಯಲ್ಲಿ ತೋರಿಸಲು ಒಂದು ಫೋಟೋ ಬೇಕೆಂದು ನಿಮ್ಮೂರಿಗೆ ಬಂದೆ. ಅರಕಲಗೂಡಿನಿಂದ ಆಚೆಗೆ ಬಸ್ಸಿನ ಕಿಟಕಿಯಲ್ಲಿ ರಾಗಿ ಕಾಣಲೇ ಇಲ್ಲ. ಹೊಗೆಸೊಪ್ಪು, ಜೋಳ, ಗುತ್ತಿಗೆ ಹಿಡಿದು ಹಾಕಿದ ಶುಂಠಿಯ ಸಾಲುಗಳು. ನಿಂಗಮ್ಮಜ್ಜಿ ಇನ್ನೂ ಅದೇ ಜಗಲಿಯಲ್ಲಿದ್ದರು, ಬಾಯಿ ಇನ್ನೂ ಕೆಂಪು. ಮಂಜುಳನನ್ನು ಕರೆದು ಪಕ್ಕದಲ್ಲಿ ಕೂರಿಸಿ, ಕೋಸು ಹೆಚ್ಚಲು ಹೇಳಿ, ಕ್ಯಾಮೆರಾ ಎತ್ತಿದೆ. ಸುಮ್ಮನೆ ಮಾತಿಗೆಂದು ಕೇಳಿದೆ, “ಅಜ್ಜಿ, ಈಗ ದಿನಾ ತರಕಾರಿ ಮಾಡ್ತಾರಾ?”

“ಊಂ ಕಣವ್ವ. ಕೋಸು ಇಲ್ಲ ಟೊಮಾಟೊ. ಇನ್ನೇನದೆ?”

“ಮೊದಲು ಇರಲಿಲ್ಲ ಅಲ್ವಾ?”

“ಮೊದ್ಲು ತರಕಾರಿ ಯಾಕ್ ಬೇಕಾಗಿತ್ತು? ವಾರಕ್ಕೇಳು ದಿನಾನೂ ಒಂದೊಂದ್ ಥರ ಸೊಪ್ಪು. ಈಗೆಲ್ಲೈತೆ? ಬದಿಗೂ ಔಸ್ದಿ ಒಡೀತಾರೆ. ಆ ಶುಂಠಿ ಒಲಕ್ಕೆ ಕಾಲಿಕ್ಕಿದ್ರೆ ಕಾಲು ಉರೀತದೆ, ಸೊಪ್ಪು ಬದುಕ್ತದಾ?”

ಕ್ಯಾಮೆರಾ ಕೆಳಗಿಳಿಸಿದೆ. ನಮ್ಮ ಗೆರೆ ಮೇಲಕ್ಕೆ ಹೋದದ್ದು ಯಾಕೆಂದು ಆಗ ತಿಳಿಯಿತು. ಹತ್ತು ಹದಿನೈದು ಬಗೆಯ ಸೊಪ್ಪು ತಿನ್ನುತ್ತಿದ್ದ ಮನೆ ನನ್ನ ಫಾರಂನಲ್ಲಿ ಇಲ್ಲ ಎಂದಾಗಿತ್ತು. ಎರಡೇ ಬಗೆ ತಿನ್ನುವ ಅದೇ ಮನೆ ಈಗ ಹೌದು ಎಂದಾಗಿದೆ. ಬದುವಿನ ಮೇಲೆ ಔಷಧಿ ಬಿದ್ದಷ್ಟೂ ನಮ್ಮ ಗೆರೆ ಏರುತ್ತದೆ. ಇದನ್ನೇ ನಾನು ದೆಹಲಿಗೆ ಹೋಗಿ ಪ್ರಗತಿ ಎಂದು ತೋರಿಸುವುದರಲ್ಲಿದ್ದೆ.

ನನ್ನ ಮುಖ ನೋಡಿ ಮಂಜುಳ ಚಾಕು ಕೆಳಗಿಟ್ಟಳು. “ಯಾಕ್ ಮೇಡಂ, ಕೋಸು ತಿಂದ್ರೆ ತಪ್ಪಾ? ಬಗ್ಗಿ ಬಗ್ಗಿ ಸೊಪ್ಪು ಕೀಳೋ ಸೊಂಟ ನಂದು. ಬಿಡ್ಸೋದ್ರಲ್ಲೇ ಅರ್ಧ ದಿನ ಓಯ್ತದೆ. ನಿಮ್ ಮನೇಲಿ ಯಾರ್ ಬಿಡಿಸ್ತಾರೆ?” ನಮ್ಮ ಮನೆಯಲ್ಲಿ ಯಾರೂ ಬಿಡಿಸುವುದಿಲ್ಲ. ನಾನೂ ಕೋಸೇ ತರುವುದು. ಅವಳ ಮಾತು ನ್ಯಾಯವಾಗಿತ್ತು. ಹಳೆಯದೆಲ್ಲ ಚಿನ್ನ ಎಂದು ಹೇಳಲು ನಾನು ಯಾರು? ಕೋಸು ತಪ್ಪಲ್ಲ. ತಪ್ಪು ಇರುವುದು ಲೆಕ್ಕದಲ್ಲಿ. ಹೋದದ್ದನ್ನು ಹೋಯಿತು ಎಂದು ಬರೆಯದಿದ್ದರೆ, ಅದು ಬೇಕೋ ಬೇಡವೋ ಎಂದು ಯೋಚಿಸುವ ಅವಕಾಶವೂ ಯಾರಿಗೂ ಸಿಗುವುದಿಲ್ಲ. ಮಂಜುಳನಿಗೂ.

ನಿರ್ದೇಶಕರ ಕೋಣೆಗೆ ಹೋದಾಗ ಅವರು ನನ್ನ ಟಿಕೆಟ್ಟನ್ನು ಕವರಿಗೆ ಹಾಕುತ್ತಿದ್ದರು. ಎಲ್ಲವನ್ನೂ ಹೇಳಿದೆ. ಒಳ್ಳೆಯ ಮನುಷ್ಯರು, ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

“ಮೇಡಂ, ಒಂದು ಪದ. ಹನ್ನೊಂದು ವರ್ಷದ ಹಿಂದಿನ ಒಂದೇ ಪದ. ಇದನ್ನ ಈಗ ಎತ್ತಿದರೆ ಯೋಜನೆ ನಿಂತರೂ ನಿಲ್ಲಬಹುದು. ಎಷ್ಟು ಅಂಗನವಾಡಿ ಇದರ ಮೇಲೆ ನಡೀತಿದೆ ಗೊತ್ತಲ್ಲ?”

“ಗೊತ್ತು ಸರ್.”

“ತಪ್ಪು ನಿಮ್ಮ ಹೆಸರಿನ ಮೇಲೇ ಬರುತ್ತೆ.”

“ನನ್ನ ಅಕ್ಷರದಲ್ಲೇ ಇದೆ ಸರ್, ನನ್ನ ಹೆಸರಿನ ಮೇಲೇ ಬರಬೇಕು.”

“ಯಾರೂ ಕೇಳ್ತಿಲ್ಲವಲ್ಲ ಮೇಡಂ ಇದನ್ನ?”

ಆಗ ನಿಮ್ಮ ಹೆಸರು ಹೇಳಿದೆ ಅಕ್ಕ. ಅರಕಲಗೂಡು ತಾಲ್ಲೂಕಿನ ಒಬ್ಬ ಅಂಗನವಾಡಿ ಕಾರ್ಯಕರ್ತೆ ಅಂದೇ ಕೇಳಿದ್ದರು, ನಾನು ಅವರ ಬಾಯಿ ಮುಚ್ಚಿಸಿದ್ದೆ ಅಂದೆ. ನಿರ್ದೇಶಕರು ಟಿಕೆಟ್ ಕವರನ್ನು ನನ್ನ ಕಡೆಗೆ ತಳ್ಳಿದರು. “ಏನು ಹೇಳ್ತೀರೋ ನನಗೆ ಮೊದಲೇ ತೋರಿಸಬೇಡಿ. ತೋರಿಸಿದರೆ ನಾನು ತಿದ್ದುತ್ತೀನಿ” ಅಂದರು. ಅದು ಒಪ್ಪಿಗೆಯೋ ಎಚ್ಚರಿಕೆಯೋ ಇವತ್ತಿಗೂ ನನಗೆ ಖಚಿತವಿಲ್ಲ.

ದೆಹಲಿಯ ಸಭೆಯಲ್ಲಿ ಮೊದಲು ನಿಂಗಮ್ಮಜ್ಜಿಯ ಎರಡು ಎಕರೆ ಸೊಪ್ಪಿನ ಕಥೆ ಹೇಳಿದೆ. ಎಲ್ಲರೂ ನಕ್ಕರು. ಅದನ್ನು ತಿದ್ದಲು ಹೋಗಿ ನಾನು ಮಾಡಿದ್ದನ್ನು ಹೇಳಿದೆ. ನಗು ನಿಂತಿತು. ಪರದೆಯ ಮೇಲೆ ನಮ್ಮ ಗೆರೆ ಹಾಕಿ, ಇದರ ಬಲತುದಿ ನಿಜ, ಎಡತುದಿ ನನ್ನ ತಪ್ಪು, ಆದ್ದರಿಂದ ಇದು ಏರುವ ಗೆರೆಯಲ್ಲ, ಇಳಿಯುವ ಗೆರೆಯೇ ಆಗಿರಬಹುದು, ನಮ್ಮ ಜಿಲ್ಲೆಯನ್ನು ಈ ಸಲದ ಲೆಕ್ಕದಿಂದ ಬಿಡಿ ಅಂದೆ. ಇಂಗ್ಲಿಷಿನಲ್ಲೇ ಹೇಳಿದೆ. ನನಗೆ ತಪ್ಪು ಮಾಡಿಸಿದ ಭಾಷೆಯಲ್ಲೇ ತಪ್ಪು ಒಪ್ಪಿಕೊಂಡೆ ಎಂದು ಆಮೇಲೆ ಹೊಳೆಯಿತು. ಭಾಷೆಯದೇನು ತಪ್ಪು, ಕಿವಿಯದು.

ನೀರಿನ ಲೋಟ ಎತ್ತಿಕೊಂಡೆ. ಆಗ ಹಿಂದಿನ ಸಾಲಿನಿಂದ ಆಫ್ರಿಕಾದ ಒಬ್ಬ ಹೆಂಗಸು ಎದ್ದಳು, ನನ್ನದೇ ವಯಸ್ಸು, ತಲೆಗೆ ಹಳದಿ ಬಟ್ಟೆ ಸುತ್ತಿದ್ದಳು. ತಮ್ಮ ಕಡೆಯೂ ಗಂಜಿಯ ಜೊತೆಗೆ ತಿನ್ನುವ, ಹೊಲದಲ್ಲಿ ಕಿತ್ತುಕೊಳ್ಳುವ ಎಲೆಗಳಿಗೆ ಬೇರೆಯೇ ಮಾತಿದೆ, ಫಾರಂನಲ್ಲಿರುವ ಪದವೆಂದರೆ ತಮ್ಮ ಹೆಂಗಸರಿಗೆ ಪೇಟೆಯಲ್ಲಿ ಕೊಳ್ಳುವ ವಸ್ತು ಅಂದಳು. ಸ್ವಲ್ಪ ತಡೆದು, “ನಮ್ಮ ಗೆರೆಯೂ ತುಂಬ ಚೆನ್ನಾಗಿ ಮೇಲಕ್ಕೆ ಹೋಗಿದೆ” ಅಂದಳು. ಆಮೇಲೆ ಇನ್ನೊಂದು ಕೈ ಎದ್ದಿತು. ಮತ್ತೊಂದು. ಮಧ್ಯಾಹ್ನದ ಊಟಕ್ಕೆ ಅಂದು ಬಹಳ ತಡವಾಯಿತು.

ಈ ಸಲದ ದೊಡ್ಡ ವರದಿಯಲ್ಲಿ ನಮ್ಮ ಜಿಲ್ಲೆಯ ಸಾಲು ಖಾಲಿ ಇದೆ ಅಕ್ಕ. ಖಾಲಿ ಏಕೆಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ, ನನ್ನ ಹೆಸರೂ ಇದೆ. ಯೋಜನೆ ನಿಂತಿಲ್ಲ, ಹೊಸದಾಗಿ ಅಳೆಯಲು ಒಪ್ಪಿದ್ದಾರೆ. ನಿರ್ದೇಶಕರು ವರದಿಯನ್ನು ಮೇಜಿನ ಮೇಲೆ ಆ ಪುಟಕ್ಕೇ ತೆರೆದಿಟ್ಟುಕೊಂಡಿದ್ದರು. “ಪ್ರಪಂಚದಲ್ಲಿ ನಮ್ಮದೊಂದೇ ಖಾಲಿ ಸಾಲು ಮೇಡಂ” ಅಂದರು. “ಖಾಲಿಯಾದರೂ ಅದು ಸತ್ಯ ಸರ್” ಅಂದೆ. ನಕ್ಕರು. ಹಳೆಯದನ್ನು ಮಾತ್ರ ಮತ್ತೆ ಅಳೆಯಲಾಗುವುದಿಲ್ಲ. ಆ ಎಂಟು ದಿನ ಬಾಗಿಲು ಬಾಗಿಲಿಗೆ ನಿಂತು ನೀವು ಕೇಳಿಸಿದ ಉತ್ತರಗಳು ಎಲ್ಲೂ ಇಲ್ಲ. ಅದು ಹೋಯಿತು. ಅದಕ್ಕೆ ನಾನು ಕೊಡಬಹುದಾದ ಸಮಾಧಾನ ಯಾವುದೂ ಇಲ್ಲ, ಹುಡುಕುವುದೂ ಇಲ್ಲ. ಆದರೆ ಇನ್ನು ಮೇಲೆ ಆಗುವುದನ್ನು ಸರಿಯಾಗಿ ಅಳೆಯಬಲ್ಲೆವು. ಅಷ್ಟು ನಂಬಿಕೆ ನನಗಿದೆ.

ಈಗ ನೀವು ಕೇಳದ ಸುದ್ದಿ. ಇನ್ನು ಮುಂದೆ ಯಾವ ದೇಶದಲ್ಲೇ ಆಗಲಿ, ಆ ಊರಿನ ಒಬ್ಬ ಹೆಂಗಸು ಪದ ಪದವನ್ನೂ ಕೇಳಿ ಒಪ್ಪದೆ ಫಾರಂ ಅಚ್ಚಿಗೆ ಹೋಗಬಾರದೆಂದು ತೀರ್ಮಾನವಾಗಿದೆ. ನಮ್ಮ ಭಾಗಕ್ಕೆ ಮಂಜುಳನನ್ನು ಕೇಳಿದೆ. “ನಮ್ಮತ್ತೆ ಮಾತೇ ಕೇಳ್ದೆ ಇದ್ದೋರು ನನ್ ಮಾತು ಕೇಳ್ತೀರಾ?” ಅಂತ ಮೊದಲು ಚೆನ್ನಾಗಿ ಕುಟುಕಿದಳು. ಆಮೇಲೆ ಬಂದು ಕೂತಳು. ನಿನ್ನೆ ಅರಕಲಗೂಡಿನ ಕಚೇರಿಯಲ್ಲಿ ನಾನು ಓದಿದೆ, ಅವಳು ಕೇಳಿದಳು. ತರಕಾರಿಯ ಸಾಲು ಹೋಯಿತು. ಅಲ್ಲಿ “ನೆನ್ನೆ ಎಸ್ರೇನ್ ಮಾಡಿದ್ದೆ?” ಎಂಬ ನಿಮ್ಮ ಪ್ರಶ್ನೆಯೇ ನಿಮ್ಮ ಮಾತಿನಲ್ಲೇ ಕೂತಿದೆ. ಎರಡು ಪುಟ ಸಲೀಸಾಗಿ ಮುಗಿಯಿತು. ಮೂರನೆಯ ಪುಟದಲ್ಲಿ, “ನಿನ್ನೆ ಹಣ್ಣು ತಿಂದಿರಾ?” ಎಂದು ಓದಿದೆ.

“ಅಂಗಂತ ಕೇಳ್ಬೇಡಿ ಮೇಡಂ.”

“ಯಾಕೆ?”

“ಅಣ್ಣು ಅಂದ್ರೆ ಆಸ್ಪತ್ರೆಗೆ ತಕ್ಕಂಡೋಗೋದು. ಮೂಸಂಬಿ, ಸೇಬು. ಅಣ್ಣು ತಿಂದ್ರಾ ಅಂತ ಕೇಳಿದ್ರೆ, ಮನೇಲಿ ಯಾರಿಗ್ ಉಸಾರಿಲ್ಲ ಅಂತ ನಿಮ್ಮನ್ನೇ ಕೇಳ್ತಾರೆ.”

“ಹಾಗಾದರೆ ಮಕ್ಕಳು ಮರ ಹತ್ತಿ ಕಿತ್ತು ತಿನ್ನೋ ಸೀಬೆ, ನೇರಳೆ, ಎಲಚಿ?”

“ಅದಾ? ಅದು ತಿನ್ನೋದಲ್ಲ, ಆಟ.”

ನಾನು ಪೆನ್ನು ತೆಗೆದು ‘ಹಣ್ಣು’ ಎಂಬ ಪದದ ಮೇಲೆ ಗೆರೆ ಎಳೆದೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ನನಗೆ ಗೊತ್ತಿಲ್ಲ, ಮಂಜುಳನಿಗೂ ಹೊಳೆಯಲಿಲ್ಲ. ಖಾಲಿ ಬಿಟ್ಟಿದ್ದೇವೆ. ಗುರುವಾರ ನಿಮ್ಮೂರ ಶಾಲೆ ಬಿಡುವ ಹೊತ್ತಿಗೆ ಇಬ್ಬರೂ ಹೋಗಿ ಬಾಗಿಲಲ್ಲಿ ನಿಂತು ಮಕ್ಕಳನ್ನೇ ಕೇಳುತ್ತೇವೆ.

ನಿಮ್ಮ
ವಸುಧಾ